ಹುಡುಗನ ಹಲ್ಲು, ಹಲ್ಲಿನ ಹುಳ

ತಂಗೀ, ಇವತ್ತು ತಿಕೋಟಾದಿಂದ ಮಗನನ್ನು ಕರಕೊಂಡು ವಿಜಯಪುರದ ನಮ್ಮ ಮನೆಗೆ ಬಂದಾಗ ಅವನ ಗಲ್ಲ ಊದಿತ್ತು. “ಹಲ್ಲಿಗೆ ಹುಳ ಹತ್ತ್ಯಾವ್ರಿ ಅಕ್ಕಾರ, ಎಲ್ಲಾ ಸಾಯಲಿ ಅಂತ ಅಂಗಡ್ಯಾಗಿನ ಗುಳಿಗಿ ಕೊಟ್ಟೀನಿ” ಅಂದೆ. ನೀನು ಹೋದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಬಬಲೇಶ್ವರದಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು, ಸುಮ್ಮನಿರಲಾರೆ.

ಅಲ್ಲಿ ಹುಳ ಇರುವುದಿಲ್ಲ. ಇರುವುದು ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ. 1924ರಲ್ಲಿ ಇಂಗ್ಲೆಂಡಿನಲ್ಲಿ ಕ್ಲಾರ್ಕ್ ಎಂಬುವರು ಹುಳುಕು ಹಲ್ಲಿನಿಂದಲೇ ಅದನ್ನು ಹೆಕ್ಕಿ ತೆಗೆದರು. ಅದು ಒಂಟಿಯೂ ಅಲ್ಲ. ಮನುಷ್ಯರ ಬಾಯಲ್ಲಿ ಸುಮಾರು 700 ಬಗೆಯ ಬ್ಯಾಕ್ಟೀರಿಯಾ ಗುರುತಿಸಿದ್ದಾರೆ. ಬಹಳಷ್ಟು ನಿರುಪದ್ರವಿಗಳು, ಕೆಲವಂತೂ ನಮ್ಮ ಕಾವಲಿಗೇ ನಿಂತಂತಿವೆ.

ಇವು ಮಾತಾಡುತ್ತವೆ ಅಂದರೆ ನಂಬುತ್ತೀಯಾ? ಮ್ಯೂಟನ್ಸ್ 18 ಅಮೈನೋ ಆಮ್ಲಗಳ ಒಂದು ಪುಟ್ಟ ಪೆಪ್ಟೈಡನ್ನು ಹೊರಗೆ ಬಿಡುತ್ತದೆ. ನಾಲ್ಕಾರು ಇದ್ದಾಗ ಆ ಕೂಗು ಯಾರಿಗೂ ಮುಟ್ಟುವುದಿಲ್ಲ. ಹಲ್ಲಿನ ಮೇಲಿನ ಪಾಚಿಯಲ್ಲಿ ಅವು ಕಿಕ್ಕಿರಿದಾಗ ಆ ಪೆಪ್ಟೈಡೂ ದಟ್ಟವಾಗುತ್ತದೆ, ಆಗ ‘ನಮ್ಮವರು ಸಾಕಷ್ಟಿದ್ದಾರೆ’ ಅಂತ ಪ್ರತಿಯೊಂದಕ್ಕೂ ಗೊತ್ತಾಗುತ್ತದೆ. ಕೂಡಲೇ ಮ್ಯೂಟಾಸಿನ್ ಎಂಬ ಕೊಲ್ಲುವ ಪೆಪ್ಟೈಡುಗಳನ್ನು ತಯಾರಿಸಿ ನೆರೆಯವರ ಮೇಲೆ ಬಿಡುತ್ತವೆ. ತಮಗೆ ಅದು ತಟ್ಟದಂತೆ ರಕ್ಷಣೆಯ ಪ್ರೋಟೀನನ್ನೂ ಇಟ್ಟುಕೊಂಡಿರುತ್ತವೆ. ಸತ್ತ ನೆರೆಯವರ ಡಿಎನ್‌ಎಯನ್ನು ಒಳಗೆಳೆದುಕೊಳ್ಳುವುದೂ ಉಂಟು. ಇಷ್ಟು ವರ್ಷ ಪಾಠ ಮಾಡಿದರೂ ಇದನ್ನು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ನೆರೆಯವರೂ ಕೈಕಟ್ಟಿ ಕೂಡುವುದಿಲ್ಲ. ಸ್ಯಾಂಗ್ವಿನಿಸ್ ಎಂಬ ಸಾಧು ಜಾತಿಯದು ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟು ಮ್ಯೂಟನ್ಸನ್ನು ಹಿಮ್ಮೆಟ್ಟಿಸುತ್ತದೆ. ಗಾರ್ಡೋನಿಯೈ ಎಂಬುದು ಆ ಕೂಗಿನ ಪೆಪ್ಟೈಡನ್ನೇ ಕತ್ತರಿಸಿ ಹಾಕುತ್ತದೆ. ನಮ್ಮ ಜೊಲ್ಲಿನಲ್ಲೂ ಹಿಸ್ಟಾಟಿನ್ ಎಂಬ ರೋಗಾಣು ತಡೆಯುವ ಪೆಪ್ಟೈಡುಗಳಿವೆ.

ಈ ಜಗಳದಲ್ಲಿ ಯಾರು ಗೆಲ್ಲಬೇಕು ಅನ್ನುವುದು ಬಹಳಮಟ್ಟಿಗೆ ನಿನ್ನ ಕೈಯಲ್ಲಿದೆ. ಗಳಿಗೆಗೊಮ್ಮೆ ಬಿಸ್ಕತ್ತು, ಸಿಹಿ ಚಹಾ ಬಾಯಿಗೆ ಬಿದ್ದರೆ ಮ್ಯೂಟನ್ಸ್ ಅದನ್ನು ಆಮ್ಲವಾಗಿಸುತ್ತದೆ. ಆ ಹುಳಿಯಲ್ಲಿ ಅದು ಬದುಕುತ್ತದೆ, ಸಾಧುಗಳು ಸೊರಗುತ್ತವೆ. ಸಿಹಿ ಕೊಡಲೇಬೇಕೆಂದರೆ ಊಟದ ಜೊತೆಗೇ ಕೊಡು. ರಾತ್ರಿ ಹಲ್ಲುಜ್ಜದೆ ಮಲಗಿಸಬೇಡ. ಮಲಗಿದಾಗ ಜೊಲ್ಲು ಕಡಿಮೆಯಾಗುತ್ತದೆ, ತೊಳೆಯುವವರೇ ಇರುವುದಿಲ್ಲ. ಪೇಸ್ಟು ಬಟಾಣಿ ಕಾಳಿನಷ್ಟು ಸಾಕು, ಉಗುಳುವುದನ್ನು ಕಲಿಸು.

ನಿಮ್ಮ ಶೆಡ್ಡಿನ ಒಣದ್ರಾಕ್ಷಿಯ ಬಗ್ಗೆ ಕೇಳಿದ್ದೆಯಲ್ಲ. ಅದರಲ್ಲಿರುವ ಓಲಿಯಾನೋಲಿಕ್ ಆಮ್ಲ ಮ್ಯೂಟನ್ಸಿನ ಬೆಳವಣಿಗೆ ತಡೆಯುತ್ತದೆ ಅಂತ 2005ರಲ್ಲಿ ಶಿಕಾಗೋದ ಕ್ರಿಸ್ಟೀನ್ ವೂ ತೋರಿಸಿದರು. ಅದು ಪ್ರಯೋಗಾಲಯದ ಮಾತು, ಹಣವೂ ಕ್ಯಾಲಿಫೋರ್ನಿಯಾದ ಒಣದ್ರಾಕ್ಷಿ ಮಾರುವವರದು. ತಿನ್ನಲಿ, ಆಮೇಲೆ ಬಾಯಿ ಮುಕ್ಕಳಿಸಲಿ.

ಗುಳಿಗಿ ಮಾತ್ರ ಇನ್ನು ನಿನ್ನಷ್ಟಕ್ಕೆ ಕೊಡಬೇಡ. ಆ್ಯಂಟಿಬಯೋಟಿಕ್ ಕಳ್ಳರನ್ನೂ ಕಾವಲಿನವರನ್ನೂ ಒಟ್ಟಿಗೇ ಕೊಲ್ಲುತ್ತದೆ, ಹಲ್ಲಿನ ತೂತು ಹಾಗೇ ಉಳಿಯುತ್ತದೆ. ಗಲ್ಲ ಊದಿದೆ ಅಂದರೆ ಕೀವು ಬೇರಿಗೆ ಇಳಿದಿರಬಹುದು, ಇನ್ನು ಕಾಯುವಂತಿಲ್ಲ. ನಾಳೆ ಮುಂಜಾನೆಯ ಮೊದಲ ಬಸ್ಸಿಗೇ ಬಾ, ಹಲ್ಲಿನ ಡಾಕ್ಟರ ಹತ್ತಿರ ನಾನೂ ಜೊತೆಗೆ ಬರುತ್ತೇನೆ.