ಮುನ್ನೆಚ್ಚರಿಕೆ ಕೊನೆಯ ಮನೆಗೂ ತಲುಪಲಿ

ಹವಾಮಾನ ವೈಪರೀತ್ಯದಿಂದಾಗುವ ಪ್ರಾಣಹಾನಿಯು ಗಾಳಿಮಳೆಯ ತೀವ್ರತೆಯೊಂದನ್ನೇ ಅವಲಂಬಿಸಿಲ್ಲ; ಗ್ರಾಮದ ಸನ್ನದ್ಧತೆಯೂ ಅಷ್ಟೇ ನಿರ್ಣಾಯಕ. ಇದಕ್ಕೆ ಬಾಂಗ್ಲಾದೇಶದ ಕರಾವಳಿ ನಿದರ್ಶನ.

ಅಲ್ಲಿ 1991ರ ಚಂಡಮಾರುತಕ್ಕೆ ಸುಮಾರು 1.38 ಲಕ್ಷ ಜನರು ಬಲಿಯಾದರು. ಮೃತರಲ್ಲಿ ಮಹಿಳೆಯರ ಪ್ರಮಾಣವೇ ಅಧಿಕವಾಗಿತ್ತು. ಅನೇಕರು ಮಕ್ಕಳು, ಮನೆ, ಜಾನುವಾರುಗಳನ್ನು ಬಿಟ್ಟು ಹೊರಡಲಾಗದೆ ಉಳಿದಿದ್ದರು. ಆಶ್ರಯತಾಣಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸ್ಥಳಾವಕಾಶವೂ ಇರಲಿಲ್ಲ. ತರುವಾಯ ಆಶ್ರಯತಾಣಗಳನ್ನು ಹೆಚ್ಚಿಸಿ, ಮನೆಮನೆಗೆ ಎಚ್ಚರಿಕೆ ನೀಡುವ ಸ್ವಯಂಸೇವಕ ಪಡೆಯನ್ನು ಬಲಪಡಿಸಲಾಯಿತು. 2007ರ ಸಿದ್ರ್ ಚಂಡಮಾರುತದಲ್ಲಿ ಮೃತರ ಸಂಖ್ಯೆ ಸುಮಾರು 3,400ಕ್ಕೆ ಇಳಿಯಿತು.

ಗ್ರಾಮ ಪಂಚಾಯಿತಿಗಳಿಗೂ ಇದೇ ಪಾಠ. ವೃದ್ಧರು, ವಿಕಲಚೇತನರು, ಗರ್ಭಿಣಿಯರು ಹಾಗೂ ತಗ್ಗುಪ್ರದೇಶದ ಕುಟುಂಬಗಳ ವಾರ್ಡುವಾರು ಪಟ್ಟಿಯನ್ನು ಮಳೆಗಾಲಕ್ಕೆ ಮುನ್ನವೇ ಸಿದ್ಧಪಡಿಸಿ, ಯಾವ ಮನೆಗೆ ಯಾರು ಎಚ್ಚರಿಕೆ ತಲುಪಿಸಬೇಕೆಂಬುದನ್ನು ಗ್ರಾಮಸಭೆಯಲ್ಲಿ ನಿಗದಿಪಡಿಸುವುದು ಸದಸ್ಯರ ಹೊಣೆ.