ಸಾಮಾಜಿಕ ಸಂಗತಿ: ಎಂಟನೇ ತರಗತಿಗೆ ಡರ್ಖೀಮ್ ಪರಿಚಯ

ಎಂಟನೇ ತರಗತಿಗೆ ಸಮಾಜಶಾಸ್ತ್ರದ ಪರಿಚಯ ಮಾಡಿಕೊಡುವ ಪಾಠ ಅಭ್ಯಾಸ ಬೋಧನೆಯಲ್ಲಿ ನನ್ನ ಪಾಲಿಗೆ ಬಂದಿತ್ತು. ಚಿಂತಕರ ಹೆಸರು, ಇಸವಿ, ಕೃತಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸಬಹುದಾದ ಪಾಠವಿದು. ಆದರೆ ಸಮಾಜವನ್ನು ನೋಡುವ ಒಂದು ಬಗೆ ಮಕ್ಕಳಿಗೆ ಸಿಗಬೇಕೆಂಬುದು ನನ್ನ ಉದ್ದೇಶವಾಗಿತ್ತು. ಅದಕ್ಕಾಗಿ ಒಬ್ಬ ಚಿಂತಕರನ್ನು, ಅವರ ಒಂದು ಪರಿಕಲ್ಪನೆಯನ್ನು ಮಾತ್ರ ಆರಿಸಿಕೊಂಡೆ.

ಡರ್ಖೀಮ್ ಏಕೆ?

‘ಸಮಾಜಶಾಸ್ತ್ರ’ ಎಂಬ ಹೆಸರನ್ನು ರೂಢಿಗೆ ತಂದವರು ಫ್ರಾನ್ಸಿನ ಆಗಸ್ಟ್ ಕಾಮ್ಟ್. ಅದಕ್ಕೊಂದು ಅಧ್ಯಯನ ವಿಧಾನವನ್ನೂ ವಿಶ್ವವಿದ್ಯಾಲಯದಲ್ಲಿ ಸ್ಥಾನವನ್ನೂ ದೊರಕಿಸಿದವರಲ್ಲಿ ಅದೇ ದೇಶದ ಎಮಿಲ್ ಡರ್ಖೀಮ್ (1858–1917) ಪ್ರಮುಖರು. 1887ರಲ್ಲಿ ಬೋರ್ಡೋ ವಿಶ್ವವಿದ್ಯಾಲಯಕ್ಕೆ ನೇಮಕಗೊಂಡಾಗ ಸಮಾಜ ವಿಜ್ಞಾನದ ಜೊತೆಗೆ ಶಿಕ್ಷಣಶಾಸ್ತ್ರವನ್ನೂ ಕಲಿಸುವ ಹೊಣೆ ಅವರದಾಗಿತ್ತು. ಶಾಲಾ ಶಿಕ್ಷಕರಿಗೆ ಪಾಠ ಹೇಳಿದ ಸಮಾಜಶಾಸ್ತ್ರಜ್ಞರು ಎಂಬ ಕಾರಣಕ್ಕೆ ಅವರು ನಮಗೆ ಹತ್ತಿರದವರು.

1895ರಲ್ಲಿ ಪ್ರಕಟವಾದ ‘ಸಮಾಜಶಾಸ್ತ್ರೀಯ ವಿಧಾನದ ನಿಯಮಗಳು’ ಗ್ರಂಥದಲ್ಲಿ ಅವರು ಸಾಮಾಜಿಕ ಸಂಗತಿಯನ್ನು ವಿವರಿಸುತ್ತಾರೆ. ಅದು ವ್ಯಕ್ತಿಯ ಹೊರಗಿರುತ್ತದೆ, ವ್ಯಕ್ತಿಯ ಮೇಲೆ ಒತ್ತಡ ಹೇರುತ್ತದೆ. ಈ ಪರಿಕಲ್ಪನೆಗೆ ಸಾಮಾನ್ಯವಾಗಿ ಕೊಡುವ ಉದಾಹರಣೆ 1897ರ ಅವರ ಆತ್ಮಹತ್ಯೆಯ ಅಧ್ಯಯನ. ಹದಿಮೂರು ವರ್ಷದ ಮಕ್ಕಳಿಗೆ ಆ ವಿಷಯದಿಂದ ಪಾಠ ಆರಂಭಿಸುವುದು ಬೇಡವೆಂದು ತೀರ್ಮಾನಿಸಿ, ಮನೆಮಾತನ್ನೇ ಉದಾಹರಣೆಯಾಗಿ ಹಿಡಿದೆ.

ಪಾಠದ ಬೆಳವಣಿಗೆ

“ಮನೆಯಲ್ಲಿ ಅಮ್ಮನನ್ನು ‘ನೀನು’ ಎನ್ನುವವರು ಯಾರು?” ಬಹುತೇಕ ಎಲ್ಲರೂ ಕೈ ಎತ್ತಿದರು. “ಅಪ್ಪನನ್ನು?” ಅರ್ಧಕ್ಕಿಂತ ಹೆಚ್ಚು ಕೈಗಳು ಕೆಳಗಿಳಿದವು. “ಈ ನಿಯಮ ಮಾಡಿದವರು ಯಾರು?” ತರಗತಿ ಸುಮ್ಮನಾಯಿತು. ನಾವು ಹುಟ್ಟುವ ಮೊದಲೇ ಇದ್ದ ರೂಢಿಯಿದು, ನಮ್ಮ ನಂತರವೂ ಇರಬಹುದು ಎಂಬುದನ್ನು ಮಕ್ಕಳಿಂದಲೇ ಹೇಳಿಸಿ, ಹಲಗೆಯ ಮೇಲೆ ‘ಹೊರಗಿನದು’ ಎಂದು ಬರೆದೆ.

“ನಾಳೆ ಮುಖ್ಯಶಿಕ್ಷಕರನ್ನು ‘ನೀನು’ ಎಂದರೆ?” ಎಲ್ಲರೂ ನಕ್ಕರು. ಆ ನಗುವೇ ನನ್ನ ಬೋಧನೋಪಕರಣವಾಯಿತು. ಶಿಕ್ಷೆ, ಬೈಗುಳ ಮಾತ್ರವಲ್ಲ, ನಾಲ್ಕು ಜನ ನಗುವುದೂ ಒತ್ತಡವೇ. ರೂಢಿಯಂತೆ ನಡೆಯುವಾಗ ಈ ಒತ್ತಡ ಅರಿವಿಗೆ ಬರುವುದಿಲ್ಲ, ಮೀರಲು ಹೊರಟಾಗ ತಿಳಿಯುತ್ತದೆ. ಹಲಗೆಯ ಮೇಲೆ ಎರಡನೆಯ ಪದ ‘ಒತ್ತಡ’ ಸೇರಿತು. ಭಾಷೆ, ನಾಣ್ಯ, ಉಡುಪುಗಳ ಉದಾಹರಣೆಯಿಂದ ಡರ್ಖೀಮ್ ಅವರೂ ಇದನ್ನೇ ವಿವರಿಸಿದ್ದರೆಂದು ಆಮೇಲೆ ಹೇಳಿದೆ.

ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ

ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಮಿಸ್, ನಮ್ಮನೇಲಿ ಅಮ್ಮ ಎಲ್ಲರದೂ ಆದ ಮೇಲೆ ಊಟ ಮಾಡ್ತಾರೆ. ಅದೂ ಸಾಮಾಜಿಕ ಸಂಗತಿನಾ? ಹಂಗಾದ್ರೆ ಅದು ಬದಲಾಗೋದೇ ಇಲ್ವಾ?”

ಈ ಪಾಠದ ತಿರುಳು ಈ ಪ್ರಶ್ನೆಯಲ್ಲಿದೆ. ‘ಹೊರಗಿನದು’, ‘ಒತ್ತಡ’ ಎಂಬೆರಡು ಪದಗಳಿಗೇ ಪಾಠ ನಿಲ್ಲಿಸಿದರೆ ಇರುವುದೆಲ್ಲ ಹೀಗೇ ಇರಬೇಕೆಂದು ಮಗು ತಿಳಿದುಬಿಡುತ್ತದೆ. ಉತ್ತರವಾಗಿ ಇನ್ನೊಂದು ಪ್ರಶ್ನೆ ಕೇಳಿದೆ: “ನಿಮ್ಮಲ್ಲಿ ಎಷ್ಟು ಜನರ ಅಜ್ಜಿ ಎಂಟನೇ ತರಗತಿ ಓದಿದ್ದಾರೆ?” ಎದ್ದದ್ದು ಎರಡೇ ಕೈ. ಅಂದು ಹುಡುಗಿಯನ್ನು ಶಾಲೆಗೆ ಕಳಿಸಿದರೆ ಊರು ಆಡಿಕೊಳ್ಳುತ್ತಿತ್ತು. ಇಂದು ಕಳಿಸದಿದ್ದರೆ ಊರೂ ಕೇಳುತ್ತದೆ, 6ರಿಂದ 14 ವರ್ಷದವರಿಗೆ ಶಿಕ್ಷಣದ ಹಕ್ಕು ನೀಡಿದ 2009ರ ಕಾಯ್ದೆಯೂ ಕೇಳುತ್ತದೆ. ಒತ್ತಡ ಹೋಗಿಲ್ಲ, ಅದರ ದಿಕ್ಕು ಬದಲಾಗಿದೆ.

ಮೊದಲು ಮೀರಿದವರು ತಪ್ಪಿತಸ್ಥರಂತೆ ಕಾಣುವುದುಂಟು. ಡರ್ಖೀಮ್ ಇದಕ್ಕೆ ಸಾಕ್ರಟೀಸ್‌ನನ್ನು ಉದಾಹರಿಸುತ್ತಾರೆ. ಅಥೆನ್ಸಿನ ಕಾನೂನಿನ ಪ್ರಕಾರ ಆತ ಅಪರಾಧಿ. ಆದರೆ ಆತನ ಸ್ವತಂತ್ರ ವಿಚಾರ ಮುಂಬರುವ ನೀತಿಗೆ ದಾರಿ ಮಾಡಿತು. ಇಷ್ಟು ಹೇಳಿ, ಅಮ್ಮನ ಊಟದ ವಿಷಯವನ್ನು ಮನೆಯಲ್ಲಿ ಮಾತಾಡಿ ಬನ್ನಿ ಎಂದೆ. ತೀರ್ಪು ಕೊಡುವ ಗೋಜಿಗೆ ಹೋಗಲಿಲ್ಲ.

ಮೌಲ್ಯಮಾಪನ

ವ್ಯಾಖ್ಯಾನ ಬರೆಯಿರಿ ಎನ್ನುವ ಬದಲು ಮೂರು ಪ್ರಶ್ನೆ ಕೊಟ್ಟೆ: ನಿಮ್ಮ ಬೀದಿಯ ಒಂದು ರೂಢಿಯನ್ನು ಹೆಸರಿಸಿ. ಅದನ್ನು ಮೀರಿದರೆ ಏನಾಗುತ್ತದೆ? ಅದು ಅಜ್ಜ-ಅಜ್ಜಿಯ ಕಾಲದಲ್ಲೂ ಹೀಗೇ ಇತ್ತೇ? ಮೂರನೆಯ ಪ್ರಶ್ನೆಗೆ ಉತ್ತರಿಸಲು ಮನೆಯ ಹಿರಿಯರನ್ನು ಕೇಳಬೇಕಾಗುತ್ತದೆ. ಕ್ಷೇತ್ರ ಅಧ್ಯಯನ ಅಲ್ಲಿಂದಲೇ ಶುರು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಹಿರಿಯ ತಲೆಮಾರು ಕಿರಿಯರನ್ನು ಸಮಾಜ ಜೀವನಕ್ಕೆ ಅಣಿಗೊಳಿಸುವುದೇ ಶಿಕ್ಷಣ ಎಂಬುದು ಡರ್ಖೀಮ್ ಅವರ ನಿಲುವು. ಹಾಗಾದರೆ ತರಗತಿಯಲ್ಲಿ ಆ ಒತ್ತಡ ನಾವೇ. ಕಸ ಗುಡಿಸಲು ಹುಡುಗಿಯರನ್ನೇ, ಬೆಂಚು ಎತ್ತಲು ಹುಡುಗರನ್ನೇ ಕರೆದಾಗ ಪಾಠ ಯೋಜನೆಯಲ್ಲಿ ಇಲ್ಲದ ಒಂದು ಪಾಠವನ್ನೂ ನಾವು ಕಲಿಸುತ್ತಿರುತ್ತೇವೆ. ಈ ಘಟಕವನ್ನು ತೆಗೆದುಕೊಳ್ಳುವವರು ಅದಕ್ಕೂ ಮೊದಲು ಒಂದು ವಾರ ತರಗತಿಯಲ್ಲಿ ಯಾವ ಕೆಲಸಕ್ಕೆ ಯಾರನ್ನು ಕರೆಯುತ್ತೇವೆಂದು ಬರೆದಿಡಲಿ. ಆ ಪಟ್ಟಿಯನ್ನೇ ಪೀಠಿಕೆಯಾಗಿ ಮಕ್ಕಳ ಮುಂದಿಡಬಹುದು.