ಕಂಬಿಗೆ ಕಟ್ಟಿದರೆ ಸಾಲದು

ಮಗಳೇ, ಬೆಂಗಳೂರಿನಿಂದ ಮೂಲ್ಕಿಯ ಶಾಂಭವಿ ಹೊಳೆಗೆ ನಿನ್ನದೇ ಕಯಾಕ್ ಒಯ್ಯುತ್ತೇನೆ ಅಂದೆಯಲ್ಲ, ಕೇಳಿ ತುಂಬಾ ಖುಷಿಯಾಯಿತು. ನೀರಿನಲ್ಲಿ ನೀನು ಜಾಣೆ, ಲೈಫ್ ಜಾಕೆಟ್ ಬಿಟ್ಟು ಇಳಿಯುವವಳಲ್ಲ. ನನಗಿರುವ ಚಿಂತೆ ದಾರಿಯದ್ದು.

ಮೊದಲು ಕಾರಿನ ಕೈಪಿಡಿ ತೆಗೆದು, ಚಾವಣಿ ಎಷ್ಟು ಕಿಲೋ ತಡೆಯುತ್ತದೆ ಅಂತ ನೋಡು. ಕ್ಯಾರಿಯರ್‌ನ ಕಂಬಿಗಳ ತೂಕವೂ ಆ ಲೆಕ್ಕಕ್ಕೇ ಸೇರುತ್ತದೆ. ನಮ್ಮಲ್ಲಿ ಓಡುವ ಎಷ್ಟೋ ಕಾರುಗಳ ರೂಫ್ ರೈಲ್ ಬರೀ ಅಂದಕ್ಕೆ ಕೂರಿಸಿದ್ದು, ಭಾರ ಹೊರುವುದಕ್ಕಲ್ಲ. ನಿನ್ನದೂ ಅಂಥದ್ದಾಗಿದ್ದರೆ ಅದನ್ನು ನಂಬಬೇಡ. ಆ ಮಾದರಿಗೆಂದೇ ಮಾಡಿದ ಕ್ಯಾರಿಯರ್ ಹಾಕಿಸು.

ಎರಡು ಕಂಬಿಗೂ ಒಂದೊಂದು ಬೆಲ್ಟ್. ಕೈಯಲ್ಲಿ ಎಳೆದು ಬಿಗಿಯುವ ಕ್ಯಾಮ್ ಬಕಲ್‌ನದೇ ಇರಲಿ. ಲಾರಿಯವರ ರ‍್ಯಾಚೆಟ್ ಬೆಲ್ಟ್ ಬೇಡ. ಅದರ ಹಿಡಿತಕ್ಕೆ ಬಿಸಿಲಲ್ಲಿ ಮೆತ್ತಗಾದ ಪ್ಲಾಸ್ಟಿಕ್ ತಗ್ಗು ಬೀಳುತ್ತದೆ. ಬೆಲ್ಟಿಗೆ ಒಂದು ತಿರುವು ಕೊಟ್ಟು ಕಟ್ಟು, ಗಾಳಿಗೆ ಗುಂಯ್‌ಗುಡುವುದು ಕಡಿಮೆಯಾಗುತ್ತದೆ.

ಬಹಳ ಜನ ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಬೆಲ್ಟ್ ದೋಣಿಯನ್ನು ಕಂಬಿಗೆ ಹಿಡಿದಿಡುತ್ತದೆ, ಸರಿ. ಕಂಬಿಯೇ ಕಿತ್ತು ಬಂದರೆ? ಹನ್ನೆರಡು ಅಡಿಯ ಕಯಾಕ್‌ನ ಮೂತಿ ಬಾನೆಟ್ ಮೇಲೆ ಚಾಚಿಕೊಂಡಿರುತ್ತದೆ. ಎದುರು ಗಾಳಿ ಅದರ ಅಡಿಗೆ ನುಗ್ಗಿ ಹಾರೆ ಹಾಕಿದ ಹಾಗೆ ಇಡೀ ಕ್ಯಾರಿಯರ್ ಅನ್ನು ಮೀಟುತ್ತದೆ. ವೇಗ 60ರಿಂದ 90ಕ್ಕೆ ಏರಿದರೆ ಗಾಳಿಯ ಒತ್ತಡ ಎರಡೂಕಾಲು ಪಟ್ಟಾಗುತ್ತದೆ. ಅದಕ್ಕೇ ಮೂತಿಯಿಂದ ಕಾರಿನ ಮೈಗೇ ನೇರವಾಗಿ ಹಗ್ಗ ಬೇಕು, ಬಾಲದಿಂದಲೂ ಬೇಕು. ಹಗ್ಗ ಕಟ್ಟುವುದಕ್ಕೆ ಕಾರು ಎಳೆಯುವ ಕೊಕ್ಕೆ ಸಾಮಾನ್ಯವಾಗಿ ಸ್ಟೆಪ್ನಿಯ ಹತ್ತಿರ ಸಾಮಾನಿನ ಚೀಲದಲ್ಲಿರುತ್ತದೆ, ಬಂಪರ್‌ನ ಮುಚ್ಚಳ ತೆಗೆದು ತಿರುಗಿಸಿ ಕೂರಿಸು. ನೈಲಾನ್ ಹಗ್ಗ ಮಳೆಗೆ ನೆನೆದರೆ ಜಗ್ಗುತ್ತದೆ, ಪಾಲಿಯೆಸ್ಟರ್ ತಗೋ. ಉಳಿದ ತುದಿಯನ್ನು ಸುತ್ತಿ ಗಂಟು ಹಾಕು. ಅದು ಜಾರಿ ಚಕ್ರಕ್ಕೆ ಸಿಕ್ಕಿದರೆ ದೋಣಿಯನ್ನೇ ಮುರಿದು ಎಳೆಯುತ್ತದೆ. ಮುಂದಿನ ಹಗ್ಗದಿಂದ ಇನ್ನೊಂದು ಉಪಕಾರವಿದೆ. ಅದು ನಿನ್ನ ಕಣ್ಣೆದುರೇ ಇರುತ್ತದೆ. ಸಡಿಲಾಗಿ ಅಲುಗಿದರೆ ಸ್ಟೇರಿಂಗ್ ಹಿಡಿದಲ್ಲಿಂದಲೇ ಕಾಣುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಿನ್ನ ದೋಣಿಯಲ್ಲ. ದೋಣಿ ಹೋದರೆ ಇನ್ನೊಂದು ಬರುತ್ತದೆ. ನಿನ್ನ ಹಿಂದೆ ಬೈಕಿನಲ್ಲಿ ಮಗುವನ್ನು ಕೂರಿಸಿಕೊಂಡು ಯಾರೋ ಬರುತ್ತಿರುತ್ತಾರೆ. ನೀನು ಕಟ್ಟುವ ಗಂಟು ಅವರಿಗಾಗಿ.

ಹೊರಚಾಚಿದ ತುದಿಗೆ ಕೆಂಪು ಬಟ್ಟೆ ಕಟ್ಟು. ಅನುಮತಿ ಮೀರಿ ಸಾಮಾನು ಚಾಚಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಆದ್ದರಿಂದ ಮಿತಿ ಎಷ್ಟೆಂದು ಆರ್‌ಟಿಓ ಕಚೇರಿಯಲ್ಲಿ ಮೊದಲೇ ಕೇಳಿಕೋ.

ನೆಲಮಂಗಲ ದಾಟಿ ಒಮ್ಮೆ ನಿಲ್ಲಿಸಿ ಬೆಲ್ಟ್ ಬಿಗಿ ನೋಡು. ಹೊರಟ ಸ್ವಲ್ಪ ಹೊತ್ತಿಗೇ ಅದು ಸಡಿಲಾಗುವುದುಂಟು. ಸಕಲೇಶಪುರದಲ್ಲಿ ಮತ್ತೊಮ್ಮೆ. ದೋಣಿಯ ಮೂತಿ ಹಿಡಿದು ಅಲ್ಲಾಡಿಸು, ಕಾರೇ ಅಲುಗಬೇಕು, ದೋಣಿಯಷ್ಟೇ ಅಲುಗಬಾರದು. ಶಿರಾಡಿಯಲ್ಲಿ ಎದುರಿನಿಂದ ಟ್ಯಾಂಕರ್ ಬಂದಾಗ ಗಾಳಿ ಅಡ್ಡ ತಳ್ಳುತ್ತದೆ, ನಿಧಾನಿಸು. ಮೂಲ್ಕಿ ಮುಟ್ಟಿದೊಡನೆ ಕಾಫಿಗೆ ಮೊದಲು ಬೆಲ್ಟ್ ಸಡಿಲಿಸು, ಇಳಿಸುವುದಕ್ಕೆ ಇನ್ನೊಬ್ಬರು ಬರುವ ತನಕ ಕಾಯಿ.